ಫ್ಯೂಜಿಯ ಬೆಳಗು ನೋಡಲು ಹೊರಟ ತಮ್ಮನಿಗೆ

ಟೋಕಿಯೊ
ಮೇ 18

ಚಿ. ಮಂಜುನಾಥನಿಗೆ ಅಕ್ಕನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಆಗಸ್ಟ್‌ನಲ್ಲಿ ಬಂದಾಗ ರಾತ್ರಿಯಿಡೀ ಫ್ಯೂಜಿ ಬೆಟ್ಟ ಹತ್ತಿ ತುದಿಯಲ್ಲಿ ಸೂರ್ಯೋದಯ ನೋಡಬೇಕು ಅಂತ ಬರೆದಿದ್ದೀಯ. ಹತ್ತು, ಆದರೆ ರಾತ್ರಿಯಿಡೀ ಬೇಡ. ಹಗಲಲ್ಲಿ ಮುಕ್ಕಾಲು ದಾರಿ ಹತ್ತಿ, ಮಲಗಿ ಎದ್ದು, ಉಳಿದ ತುಂಡನ್ನು ಮಾತ್ರ ಕತ್ತಲಲ್ಲಿ ನಡಿ.

ರಾತ್ರಿ ಹತ್ತಕ್ಕೆ ಹೊರಡಲು ಈಗ ಬಿಡುವುದೂ ಇಲ್ಲ. ನೀನು ಹತ್ತಬೇಕಾದ ಯೋಶಿದಾ ದಾರಿಯ ಗೇಟು 2025ರಿಂದ ಮಧ್ಯಾಹ್ನ 2ಕ್ಕೆ ಮುಚ್ಚಿದರೆ ತೆರೆಯುವುದು ಬೆಳಗಿನ ಜಾವ 3ಕ್ಕೆ. ಮೇಲಿನ ‘ಯಾಮಗೋಯ’ದಲ್ಲಿ, ಅಂದರೆ ಬೆಟ್ಟದ ಛತ್ರದಲ್ಲಿ, ಜಾಗ ಕಾದಿರಿಸಿದವರಿಗೆ ಮಾತ್ರ ವಿನಾಯಿತಿ. ತಲೆಗೆ 4000 ಯೆನ್ ಶುಲ್ಕ ಬೇರೆ. ಆಗಸ್ಟ್ ಮಧ್ಯದಲ್ಲಿ ಓಬೊನ್ ರಜೆ, ಜನಜಾತ್ರೆ. ಅದನ್ನು ಬಿಟ್ಟು ವಾರದ ನಡುವಿನ ದಿನ ಆರಿಸಿ ಈಗಲೇ ಛತ್ರ ಕಾದಿರಿಸು.

ಕುಮಾರ ಪರ್ವತ ಹತ್ತಿದವನು ನೀನು, ಕಾಲಿನ ಬಗ್ಗೆ ನನಗೆ ಚಿಂತೆಯಿಲ್ಲ. ಚಿಂತೆ ಗಾಳಿಯದು. ನಮ್ಮ ಮುಳ್ಳಯ್ಯನಗಿರಿ 1930 ಮೀಟರ್. ಇಲ್ಲಿ ಬುಡದಿಂದ ತುದಿಯವರೆಗಿನ ದಾರಿಯನ್ನು ಹತ್ತು ನಿಲ್ದಾಣಗಳಾಗಿ ಎಣಿಸುತ್ತಾರೆ; ಬಸ್ಸು ನಿನ್ನನ್ನು ಇಳಿಸುವ ಐದನೇ ನಿಲ್ದಾಣವೇ ಸುಮಾರು 2300. ತುದಿ 3776. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ನಿದ್ದೆಗೆಟ್ಟು ಬಿರಬಿರನೆ ಹತ್ತಿದವರಿಗೆ ತಲೆ ಸಿಡಿದು ವಾಕರಿಕೆ ಬರುವುದು ಇದರಿಂದಲೇ. ಹಾಗಾಗಿ ಬಸ್ಸಿಳಿದ ಮೇಲೆ ಒಂದು ಗಂಟೆ ಸುಮ್ಮನೆ ಕೂತಿರು. ನಡೆಯುವಾಗ ಒಂದು ಪೂರ್ತಿ ವಾಕ್ಯವನ್ನು ಏದುಸಿರಿಲ್ಲದೆ ಆಡಲು ಬರಬೇಕು, ಅಷ್ಟೇ ವೇಗ. ಛತ್ರ ಮುಟ್ಟಿದ ಕೂಡಲೇ ಮಲಗಬೇಡ, ನಿದ್ದೆಯಲ್ಲಿ ಉಸಿರು ಇನ್ನೂ ತೆಳ್ಳಗಾಗುತ್ತದೆ. ಸ್ವಲ್ಪ ಹೊತ್ತು ಓಡಾಡು, ನೀರು ಕುಡಿ. ತಲೆನೋವು ಏರುತ್ತಲೇ ಹೋದರೆ ಕೆಳಗಿಳಿಯುವುದೊಂದೇ ಮದ್ದು.

ಶಿಂಜುಕುವಿನಿಂದ ಬೆಳಗಿನ ಬಸ್ಸಿಗೆ ಎರಡೂವರೆ ಗಂಟೆಯ ದಾರಿ. ಹನ್ನೆರಡಕ್ಕೆ ನಡೆಯಲು ಶುರುಮಾಡಿದರೆ ಐದು, ಐದೂವರೆಗೆ 3400 ಮೀಟರ್‌ನ ‘ಹೊನ್ ಹಾಚಿಗೋಮೆ’, ಅಂದರೆ ಮೂಲ ಎಂಟನೇ ನಿಲ್ದಾಣ, ಸೇರಬಹುದು. ಏಳನೇ ನಿಲ್ದಾಣದಿಂದ ಮೇಲೆ ಲಾವಾ ಬಂಡೆಗಳು, ಕೈಯೂರಿ ಹತ್ತಬೇಕು. ಒರಟು ಕೈಗವಸು ಇರಲಿ. ಎಂಟಕ್ಕೆ ಮಲಗಿ ಒಂದೂವರೆಗೆ ಎದ್ದು ಎರಡಕ್ಕೆ ಹೊರಡು. ಅಲ್ಲಿಂದ ತುದಿಗೆ ಒಂದೂವರೆ ಗಂಟೆ ಸಾಕು. ಆದರೆ ಸುಬಾಶಿರಿ ಎಂಬ ಇನ್ನೊಂದು ದಾರಿಯಿಂದ ಹತ್ತಿದವರೂ ಇಲ್ಲೇ ಬಂದು ಸೇರುವುದರಿಂದ ದೀಪಗಳ ಸಾಲು ನಿಂತು ನಿಂತು ಚಲಿಸುತ್ತದೆ. ತಾಳ್ಮೆಗೆಟ್ಟು ಹಗ್ಗದಾಚೆ ಹೋಗಿ ಮುಂದೆ ನುಗ್ಗಬೇಡ. ನಿನ್ನ ಕಾಲಡಿ ಸರಿದ ಕಲ್ಲು ಕೆಳಗಿನವರ ತಲೆಗೆ ಬೀಳುತ್ತದೆ. ‘ರಾಕು!’ ಎಂಬ ಕೂಗು ಕೇಳಿದರೆ ಕಲ್ಲು ಉರುಳುತ್ತಿದೆ ಎಂದೇ ಅರ್ಥ. ತೀರಾ ಬೇಗ ಹೋಗುವುದೂ ತಪ್ಪು, ಬೆವರಿದ ಮೈಯಲ್ಲಿ ತುದಿಯ ಗಾಳಿಗೆ ಒಂದು ಗಂಟೆ ಕೂರುವಷ್ಟು ಕಷ್ಟ ಇನ್ನೊಂದಿಲ್ಲ.

ಪ್ರತಿ 100 ಮೀಟರ್‌ಗೆ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಟೋಕಿಯೊದಲ್ಲಿ ಬೆವರು ಸುರಿಯುವ ದಿನವೂ ತುದಿಯಲ್ಲಿ ನಸುಕಿಗೆ ಐದಾರು ಡಿಗ್ರಿ, ಮೇಲೆ ಗಾಳಿ. ಹತ್ತಿ ಬನಿಯನ್ ಬೇಡವೇ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಛತ್ರದಲ್ಲಿ ಒಳಗಿನ ಅಂಗಿ ಬದಲಿಸಿ ಸ್ವೆಟರ್, ಅದರ ಮೇಲೆ ರೇನ್‌ಕೋಟು ಹಾಕಿಕೋ. ಅಂಗಿ, ಪ್ಯಾಂಟು ಬೇರೆ ಬೇರೆ ಇರುವ ರೇನ್‌ಕೋಟೇ ಆಗಬೇಕು, ಕೊಡೆ ಗಾಳಿಗೆ ನಿಲ್ಲದು. ಅಮ್ಮ ಕೊಡುವ ಮಂಕಿ ಕ್ಯಾಪ್ ಬೇಡ ಅನ್ನಬೇಡ. ಹಣೆಗೆ ಕಟ್ಟುವ ಟಾರ್ಚು, ಜೊತೆಗೆ ಬದಲಿ ಸೆಲ್ಲು. ನೀರು ಎರಡು ಲೀಟರ್. ಶೌಚಾಲಯಕ್ಕೆ ಪ್ರತಿ ಸಲ 200–300 ಯೆನ್ ಹಾಕಬೇಕು, 100 ಯೆನ್‌ನ ಹತ್ತು ನಾಣ್ಯ ಬೇರೆಯಾಗಿಡು. ಛತ್ರದ ಊಟದಲ್ಲಿ ಮಾಂಸವೋ ಮೀನಿನ ಸಾರೋ ಇದ್ದೇ ಇರುತ್ತದೆ. ಚಪಾತಿ ನಾನೇ ಕಟ್ಟಿಕೊಡುತ್ತೇನೆ, ನೀನು ಶೇಂಗಾ ಚಟ್ನಿಪುಡಿ, ಚಿಕ್ಕಿ ತಾ. ಕಸದ ಬುಟ್ಟಿ ಎಲ್ಲೂ ಇಲ್ಲ, ಎಲ್ಲ ಹೊತ್ತು ತರಬೇಕು.

ಒಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ‘ಗೊರಾಯ್ಕೋ’ (ಫ್ಯೂಜಿಯ ಸೂರ್ಯೋದಯಕ್ಕೆ ಇಲ್ಲಿಯವರು ಭಕ್ತಿಯಿಂದ ಹೇಳುವ ಹೆಸರು) ನೋಡಲು ತುದಿಯೇ ಆಗಬೇಕಿಲ್ಲ. ಯೋಶಿದಾ ದಾರಿ ಮೂಡಣಕ್ಕೆ ತೆರೆದಿದೆ, ಛತ್ರದ ಬಾಗಿಲಲ್ಲೇ ಅದೇ ಸೂರ್ಯ. ಗಾಳಿ ಜೋರಿದ್ದರೆ ಅಲ್ಲೇ ನಿಂತು ನೋಡು. ಆಗಸ್ಟ್‌ನಲ್ಲಿ ಸೂರ್ಯ ಏಳುವುದು ಐದರ ಸುಮಾರಿಗೆ, ಆದರೆ ನಾಲ್ಕೂಕಾಲಿಗೇ ಮೋಡಗಳ ಅಂಚು ಕೆಂಪಾಗತೊಡಗುತ್ತದೆ. ಆ ಮುಕ್ಕಾಲು ಗಂಟೆಯೇ ಚೆಂದ.

ಫ್ಯೂಜಿ ಅಗ್ನಿಪರ್ವತ, ಅದು ಕೊನೆಯ ಸಲ ಸಿಡಿದದ್ದು 1707ರಲ್ಲಿ, ಬೂದಿ ಎಡೋವರೆಗೂ, ಅಂದರೆ ಇಂದಿನ ಟೋಕಿಯೊವರೆಗೂ, ಬಿದ್ದಿತ್ತು. ತುದಿಯಲ್ಲಿರುವ ಅದರ ಬಾಯಿಯ ಸುತ್ತ ಒಂದು ಸುತ್ತು ಬರಲು ಒಂದೂವರೆ ಗಂಟೆ. ಶಕ್ತಿಯಿದ್ದರೆ ಮಾತ್ರ ಹೋಗು.

ಇಳಿಯುವ ದಾರಿ ಬೇರೆ, ಪೂರ್ತಿ ಸಡಿಲ ಜಲ್ಲಿ. ಶೂ ಒಳಗೆ ಕಲ್ಲು ಹೋಗದಂತೆ ಕಣಕಾಲಿಗೆ ಗೇಟರ್ ಕಟ್ಟು, ಹೆಜ್ಜೆ ಚಿಕ್ಕದಿಡು, ಮಂಡಿ ಸ್ವಲ್ಪ ಬಗ್ಗಿರಲಿ. ಎಂಟನೇ ನಿಲ್ದಾಣದ ಹತ್ತಿರ ದಾರಿ ಕವಲೊಡೆಯುತ್ತದೆ. ಯೋಶಿದಾಗೆ ಹಳದಿ ಫಲಕ, ಸುಬಾಶಿರಿಗೆ ಕೆಂಪು. ದಣಿದವರು ಮುಂದಿನವರ ಬೆನ್ನು ಹಿಡಿದು ಕೆಂಪಿಗೆ ಇಳಿದುಬಿಡುತ್ತಾರೆ, ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಹೊರಬೀಳುತ್ತಾರೆ. ಅಲ್ಲಿ ನಿನ್ನ ಬಸ್ಸಿಲ್ಲ. ಆ ಕವಲಲ್ಲಿ ನಿಂತು, ಹಳದಿ ನೋಡಿಯೇ ತಿರುಗು.

ಶೂ ಈಗಲೇ ತೆಗೆದುಕೊಂಡು ಎರಡು ತಿಂಗಳು ಹಾಕಿ ಪಳಗಿಸು. ಛತ್ರ ಸಿಕ್ಕ ತಾರೀಖು ತಿಳಿಸು, ಬಸ್ಸಿನ ಟಿಕೆಟ್ ನಾನು ಮಾಡಿಸುತ್ತೇನೆ. ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ಇತಿ,
ನಿನ್ನ ಅಕ್ಕ