ದೋಹಾದಿಂದ ಅಪ್ಪಾಜಿಗೆ: ಕಣದ ಬಿಸಿಲಿನ ಕುರಿತು ಒಂದು ಪತ್ರ

ದೋಹಾ, ಕತಾರ್
ಏಪ್ರಿಲ್ 12

ತೀರ್ಥರೂಪರಾದ ಅಪ್ಪಾಜಿಯವರ ಹಾಗೂ ಮಾತೃಶ್ರೀ ಅವ್ವನ ಪಾದಗಳಿಗೆ ನಿಮ್ಮ ಹಿರಿಯ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮ ಕ್ಷೇಮದ ವಿಚಾರವಾಗಿಯೇ ಈ ಪತ್ರವನ್ನು ಬರೆಯುತ್ತಿದ್ದೇನೆ.

ಕಳೆದ ಭಾನುವಾರ ತಮ್ಮನು ಫೋನ್ ಮಾಡಿದಾಗ, ಅಪ್ಪಾಜಿ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಭದ್ರಾ ನಾಲೆಯ ನೀರು ತಿರುಗಿಸಲು ಹೋಗಿ, ಕಣ್ಣಿಗೆ ಕತ್ತಲೆ ಕವಿದು ಬದುವಿನ ಮೇಲೆಯೇ ಕುಳಿತುಬಿಟ್ಟರೆಂದೂ, ಪಕ್ಕದ ಹೊಲದವರು ನೋಡಿ ಮನೆಗೆ ಕರೆತಂದರೆಂದೂ ತಿಳಿಸಿದನು. ನಿಮ್ಮೊಂದಿಗೆ ಮಾತನಾಡಿದಾಗ ನೀವು "ಏನೂ ಆಗಿಲ್ಲ, ಹುಟ್ಟಿದಾಗಿನಿಂದ ಬಿಸಿಲು ಕಂಡ ಮೈ ಇದು" ಎಂದು ಫೋನನ್ನು ಅವ್ವನ ಕೈಗೆ ಕೊಟ್ಟಿರಿ. ಫೋನಿನಲ್ಲಿ ಅರ್ಧಕ್ಕೆ ನಿಲ್ಲುವ ಮಾತು ಕಾಗದದಲ್ಲಾದರೆ ಪೂರ್ತಿ ತಲುಪೀತೆಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ತಮ್ಮನು ಇದನ್ನು ಊಟದ ನಂತರ ಪಡಸಾಲೆಯಲ್ಲಿ ಕುಳಿತು ಎಲ್ಲರಿಗೂ ಓದಿ ಹೇಳಲಿ.

ಅಪ್ಪಾಜಿ, ನಿಮ್ಮ ಮೈ ಬಿಸಿಲು ಕಂಡದ್ದು ನಿಜ. ಆದರೆ ಬಿಸಿಲಿಗೆ ಹೊಂದಿಕೊಂಡ ಮೈಯ ಹದವು ಒಮ್ಮೆ ಬಂದರೆ ಕೊನೆಯವರೆಗೂ ಉಳಿಯುವಂಥದ್ದಲ್ಲ. ದಿನವೂ ಬಿಸಿಲಿನಲ್ಲಿ ದುಡಿಯುವವನ ದೇಹವು ಒಂದೆರಡು ವಾರಗಳಲ್ಲಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಬೆವರು ಬೇಗನೆ ಆರಂಭವಾಗುತ್ತದೆ, ಹೆಚ್ಚು ಬರುತ್ತದೆ, ಆ ಬೆವರಿನಲ್ಲಿ ಹೊರಟುಹೋಗುವ ಉಪ್ಪಿನ ಅಂಶವು ಕಡಿಮೆಯಾಗುತ್ತದೆ, ಹೃದಯದ ಮೇಲಿನ ಭಾರವೂ ಇಳಿಯುತ್ತದೆ. ಅದೇ ಮನುಷ್ಯನು ಮೂರು ನಾಲ್ಕು ವಾರ ನೆರಳಿನಲ್ಲಿ ಕುಳಿತರೆ ಈ ಹದವು ಬಹುಮಟ್ಟಿಗೆ ಕಳೆದುಹೋಗುತ್ತದೆ. ನೀವು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಧೂಳು ತಾಗಬಾರದೆಂದು ಶಿವರಾತ್ರಿಯ ಮುಂಚಿನಿಂದ ಯುಗಾದಿಯವರೆಗೆ ಮನೆಯೊಳಗೇ ಇದ್ದವರು, ಒಮ್ಮೆಲೇ ನಡುಮಧ್ಯಾಹ್ನ ಗದ್ದೆಗೆ ಇಳಿದಿರಿ. ಆ ದಿನ ಗದ್ದೆಗೆ ಹೋದದ್ದು ಹಳೆಯ ಮೈಯಲ್ಲ. ಬಿಸಿಲನ್ನು ಮರೆತ ಹೊಸ ಮೈ. ನಿಮ್ಮ ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ನಾನು ಈ ದೇಶಕ್ಕೆ ಬಂದಿಳಿದದ್ದು ಜೂನ್ ತಿಂಗಳಲ್ಲಿ. ಆಗ ನಾನಿದ್ದ ಕಂಪನಿಯಲ್ಲಿ ಹೊಸಬರಿಗೆಂದು ಬೇರೆ ಕ್ರಮವಿರಲಿಲ್ಲ. ಮರುದಿನದಿಂದಲೇ ಪೂರ್ತಿ ಪಾಳಿ ಕೆಲಸ. ನಾಲ್ಕನೆಯ ದಿನ ಮೀನಖಂಡದಲ್ಲಿ ಸೆಳೆತ ಬಂದಿತು, ತಲೆ ಸಿಡಿಯತೊಡಗಿತು, ಓಕರಿಕೆಯಾಯಿತು. ದಾವಣಗೆರೆಯ ಕಡೆಯವನಾಗಿ ಬಿಸಿಲಿಗೆ ಸೋತೆನೆಂದರೆ ಹೇಗೆಂದು ಯಾರಿಗೂ ಹೇಳದೆ ಕೆಲಸ ಮುಂದುವರಿಸಿದೆ. ಸಂಜೆ ಬಸ್ಸಿನ ಬಳಿ ಬಿದ್ದಾಗ, ಕೋಣೆಯಲ್ಲಿ ಜೊತೆಗಿದ್ದ ನೇಪಾಳದ ಹುಡುಗನು ನನ್ನ ಅಂಗಿ ಬಿಚ್ಚಿ, ಎರಡು ಬಕೆಟ್ ನೀರು ಸುರಿದು, ರಟ್ಟಿನಿಂದ ಗಾಳಿ ಹಾಕಿದನು. ಈ ಸಂಗತಿಯನ್ನು ಇಷ್ಟು ವರ್ಷ ನಿಮಗೆ ಹೇಳಿರಲಿಲ್ಲ, ಅವ್ವ ಗಾಬರಿಯಾಗುತ್ತಾಳೆಂದು ಮುಚ್ಚಿಟ್ಟಿದ್ದೆ, ಕ್ಷಮಿಸಿರಿ. ಈಗ ಕೆಲಸದ ಸ್ಥಳದ ಸುರಕ್ಷತೆಯನ್ನು ನೋಡಿಕೊಳ್ಳುವವನು ನಾನೇ ಆದ್ದರಿಂದ, ಹೊಸದಾಗಿ ಬಂದವನಿಗೆ ಮೊದಲ ದಿನ ಬಿಸಿಲಿನಲ್ಲಿ ಐದನೆಯ ಒಂದು ಪಾಲು ಕೆಲಸ ಮಾತ್ರ ಕೊಟ್ಟು, ದಿನಕ್ಕೊಂದು ಪಾಲಿನಂತೆ ಹೆಚ್ಚಿಸುತ್ತೇನೆ. ರಜೆ ಮುಗಿಸಿ ಮರಳಿದ ಅನುಭವಿಗಳಿಗೂ ಮೊದಲ ದಿನ ಅರ್ಧವೇ. ಈ ಎರಡನೆಯ ಲೆಕ್ಕವು ನಿಮಗೆ ಅನ್ವಯಿಸುತ್ತದೆ. ವಯಸ್ಸನ್ನು ಗಮನಿಸಿದರೆ ಅದಕ್ಕಿಂತಲೂ ನಿಧಾನವಾಗಿ ಹೋಗಬೇಕು.

ಬಿಸಿಲಿನ ಕಾವು ಮೈಗೆ ಎಷ್ಟು ತಾಗುತ್ತದೆಂದು ಅಳೆಯಲು ನನ್ನ ಕೈಯಲ್ಲಿ ದಿನವೂ ಇರುವ ಉಪಕರಣದ ವಿಚಾರವನ್ನು ಹೇಳಿದರೆ ಅವ್ವನಿಗೆ ಸಂತೋಷವಾಗಬಹುದು. ಅದರ ಮೂಲ ರೂಪದಲ್ಲಿ ಮೂರು ಉಷ್ಣಮಾಪಕಗಳಿರುತ್ತವೆ. ಒಂದು ಸಾಧಾರಣವಾದದ್ದು, ಒಂದನ್ನು ಬಿಸಿಲಿನ ಝಳವನ್ನು ಹೀರುವ ಕಪ್ಪು ಗೋಳದೊಳಗೆ ಇಟ್ಟಿರುತ್ತಾರೆ, ಇನ್ನೊಂದಕ್ಕೆ ಒದ್ದೆಯಾದ ಹತ್ತಿಯ ಬತ್ತಿಯನ್ನು ಸುತ್ತಿರುತ್ತಾರೆ. ಮೂರನ್ನೂ ಸೇರಿಸಿ ಲೆಕ್ಕ ಹಾಕುವಾಗ ಹತ್ತರಲ್ಲಿ ಏಳು ಪಾಲು ತೂಕವು ಆ ಒದ್ದೆ ಬತ್ತಿಗೇ ಸಲ್ಲುತ್ತದೆ. ಏಕೆಂದರೆ ಒದ್ದೆ ಬತ್ತಿ ಎಷ್ಟು ತಣ್ಣಗಾಗುತ್ತದೆಯೋ ಬೆವರಿದ ಮೈಯೂ ಅಷ್ಟೇ ತಣ್ಣಗಾಗಬಲ್ಲದು. ಅವ್ವ ಮಾಘ ಮುಗಿಯುತ್ತಿದ್ದಂತೆ ಮರಳಿನ ಗುಡ್ಡೆಯ ಮೇಲೆ ಮಣ್ಣಿನ ಹರವಿಯನ್ನು ಕೂರಿಸಿ, ಅದರ ಸುತ್ತ ಒದ್ದೆ ಬಟ್ಟೆ ಕಟ್ಟುವುದರ ಹಿಂದೆ ಇರುವುದೂ ಇದೇ ತತ್ವ. ಹರವಿಯ ಮೈಯಿಂದ ಜಿನುಗಿದ ನೀರು ಆರುವಾಗ ಒಳಗಿನ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ. ಇಲ್ಲಿ ನಾನೂ ಪೇಟೆಯಿಂದ ಮಣ್ಣಿನ ಹೂಜಿಯೊಂದನ್ನು ತಂದಿಟ್ಟಿದ್ದೆ. ಆಗಸ್ಟ್ ತಿಂಗಳಲ್ಲಿ ಸಮುದ್ರದ ತೇವವು ಗಾಳಿಯಲ್ಲಿ ತುಂಬಿದಾಗ ಆ ಹೂಜಿಯ ನೀರು ತಣ್ಣಗಾಗಲೇ ಇಲ್ಲ. ಅದೇ ದಿನಗಳಲ್ಲಿ ನಮ್ಮ ಕೆಲಸಗಾರರ ಬೆವರೂ ಆರದೆ ಧಾರೆಯಾಗಿ ಸುರಿಯುತ್ತಿತ್ತು.

ನಮ್ಮೂರಿನ ಏಪ್ರಿಲ್ ಬಿಸಿಲು ಒಣ ಬಿಸಿಲು. ಹರವಿಗೆ ಅದು ವರ, ಮನುಷ್ಯನಿಗೆ ಅದರಲ್ಲೊಂದು ಮೋಸವಿದೆ. ಬೆವರು ಬಂದಂತೆಯೇ ಆರಿಹೋಗುವುದರಿಂದ ಎಷ್ಟು ನೀರು ಹೊರಟುಹೋಯಿತೆಂಬುದು ತಿಳಿಯುವುದೇ ಇಲ್ಲ; ಸಂಜೆ ಬನಿಯನ್ನಿನ ಬೆನ್ನಿನ ಮೇಲೆ ಉಪ್ಪಿನ ಬಿಳಿಯ ಗೆರೆಗಳು ಮಾತ್ರ ಕಾಣುತ್ತವೆ. ಬಿಸಿಲಿನಲ್ಲಿ ಮೈಮುರಿದು ದುಡಿಯುವವನಿಗೆ ಗಂಟೆಗೆ ಒಂದು ಲೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೆವರು ಹೋಗುತ್ತದೆ. ಬಾಯಾರಿಕೆಯು ಇದರ ಹಿಂದೆ ನಿಧಾನವಾಗಿ ಬರುತ್ತದೆ, ವಯಸ್ಸಾದವರಲ್ಲಿ ಇನ್ನೂ ತಡವಾಗಿ ಬರುತ್ತದೆ. ಆದ್ದರಿಂದ ಹೊಲದಲ್ಲಿರುವಾಗ ಬಾಯಾರಲಿ, ಬಿಡಲಿ, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರನ್ನು ಕುಡಿಯಲೇಬೇಕು. ಮಧ್ಯಾಹ್ನ ಮನೆಗೆ ಬಂದು ಒಂದು ತಂಬಿಗೆಯನ್ನು ಒಂದೇ ಗುಟುಕಿಗೆ ಎತ್ತುವುದರಿಂದ ಬೆಳಗಿನ ಕೊರತೆಯು ತುಂಬುವುದಿಲ್ಲ. ಮೂತ್ರವು ತಿಳಿ ಹಳದಿಯಾಗಿದ್ದರೆ ನೀರು ಸಾಕಾಗಿದೆ. ಕಡುಹಳದಿಯಾಗಿ ಕಡಿಮೆ ಬರುತ್ತಿದ್ದರೆ ಸಾಲದು. ಬದುವಿನ ಮೇಲೆ ಕುಡಿಯುವ ಚಹಾವನ್ನು ಬಿಡಿರೆಂದು ನಾನು ಹೇಳುವುದಿಲ್ಲ, ಅದನ್ನು ನೀರಿನ ಬದಲು ಎಂದು ಎಣಿಸಬೇಡಿರಿ.

ಕುಡಿಯುವುದರ ವಿಚಾರದಲ್ಲಿ ನಮ್ಮ ಮನೆಯಲ್ಲಿ ಹೊಸದಾಗಿ ಕಲಿಯಬೇಕಾದದ್ದು ಹೆಚ್ಚಿಲ್ಲ. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ, ಈರುಳ್ಳಿ ಹೆಚ್ಚಿ ಹಾಕಿ ಬೆಳಿಗ್ಗೆ ಕುಡಿದು ಹೋದರೆ ನೀರೂ ಉಪ್ಪೂ ಹೊಟ್ಟೆಗೆ ಒಟ್ಟಿಗೇ ಸೇರುತ್ತವೆ. ರಾಮನವಮಿಯ ಪಾನಕ, ನೀರುಮಜ್ಜಿಗೆ, ಕೋಸಂಬರಿಯನ್ನು ಆ ಒಂದು ದಿನಕ್ಕೆ ಮೀಸಲಿಡದೆ ಮಳೆಗಾಲದವರೆಗೆ ಮುಂದುವರಿಸಿರಿ. ಆದರೆ ಅವ್ವನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಬೆಲ್ಲದ ಪಾನಕ ಬೇಡ, ನೀರುಮಜ್ಜಿಗೆಯೇ ಸಾಕು. ಅಪ್ಪಾಜಿಗೆ ಬಿಪಿ ಇರುವುದರಿಂದ ಬೇಸಿಗೆಯೆಂದು ಊಟಕ್ಕೆ ಹೆಚ್ಚು ಉಪ್ಪು ಹಾಕುವುದು ಬೇಡ. ಗಂಟೆಗಟ್ಟಲೆ ಬೆವರು ಸುರಿದ ದಿನ ಮಾತ್ರ ಔಷಧಿ ಅಂಗಡಿಯ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕಲಸಿ ಕುಡಿಯಿರಿ. ಅದು ಸಿಗದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮತಟ್ಟಾದ ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಹಾ ಚಮಚ ಉಪ್ಪು ಬೆರೆಸಬಹುದು. ಉಪ್ಪಿನ ಅಳತೆಯಲ್ಲಿ ಕೈ ಹೆಚ್ಚಾಗಬಾರದು. ಸಕ್ಕರೆಯು ಇಲ್ಲಿ ರುಚಿಗಲ್ಲ. ಕರುಳು ಸಕ್ಕರೆಯ ಜೊತೆಗೆ ಉಪ್ಪನ್ನೂ, ಅದರ ಹಿಂದೆಯೇ ನೀರನ್ನೂ ಹೀರಿಕೊಳ್ಳುತ್ತದೆ.

ಇನ್ನೊಂದು ಮುಖ್ಯ ಸಂಗತಿ. ಬಿಪಿಗೆ ಕೊಡುವ ಮಾತ್ರೆಗಳಲ್ಲಿ ಮೂತ್ರವನ್ನು ಹೆಚ್ಚಿಸುವಂಥವೂ ಇರುತ್ತವೆ, ಅವು ಬೇಸಿಗೆಯಲ್ಲಿ ದೇಹದ ನೀರನ್ನು ಇನ್ನಷ್ಟು ಇಳಿಸಬಲ್ಲವು. ನೀವಾಗಿಯೇ ಒಂದು ಮಾತ್ರೆಯನ್ನೂ ಬಿಡಬೇಡಿರಿ. ತಮ್ಮನು ನಿಮ್ಮನ್ನು ಈ ವಾರವೇ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ, ಬದುವಿನ ಮೇಲೆ ಕಣ್ಣು ಕತ್ತಲೆ ಬಂದ ಸಂಗತಿಯನ್ನು ಮುಚ್ಚದೆ ಹೇಳಿ, ಮಾತ್ರೆಗಳ ಚೀಟಿಯನ್ನು ತೋರಿಸಲಿ.

ಈಗ ಕೊಯ್ಲಿನ ಮಾತು. ಇನ್ನು ಮೂರು ವಾರಕ್ಕೆ ಬೇಸಿಗೆ ಭತ್ತ ಕೊಯ್ಲಿಗೆ ಬರುತ್ತದೆ. ಕಟಾವಿನ ಯಂತ್ರ ಬಂದು ಹೋದ ಮೇಲೆ ಕಣದಲ್ಲಿ ಭತ್ತ ಹರಡಿ, ಸುಡುವ ಬಿಸಿಲಿನಲ್ಲಿ ಕಾಲಿನಿಂದ ಸಾಲು ಎಳೆಯುತ್ತ ಓಡಾಡುವವರು ನೀವೇ. ನನಗೆ ಹೆಚ್ಚಿನ ಭಯವಿರುವುದು ಆ ದಿನಗಳದ್ದು. ಇಲ್ಲಿ 2021ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3:30ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ನಾನು ಹೇಳಿದ ಉಪಕರಣವು 32.1 ಡಿಗ್ರಿಯನ್ನು ದಾಟಿದರೆ ಯಾವ ಹೊತ್ತಿನಲ್ಲಾದರೂ ಕೆಲಸ ನಿಲ್ಲಬೇಕು. ಕೊಲ್ಲಿಯ ಮಾತೇಕೆ, ನಮ್ಮ ಕಲಬುರಗಿ ಕಡೆಯ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳೇ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನಕ್ಕೆ ಮುಚ್ಚುತ್ತವೆ. ಫ್ಯಾನಿನ ಕೆಳಗೆ ಕುಳಿತವರಿಗೆ ಇರುವ ಈ ಅನುಕೂಲವು ಕಣದಲ್ಲಿ ನಿಂತ ರೈತನಿಗೆ ಇರಬಾರದೆಂದು ಯಾರೂ ಹೇಳಿಲ್ಲ. ಬೆಳಿಗ್ಗೆ ಆರಕ್ಕೆ ಭತ್ತ ಹರಡಿ, ಹನ್ನೊಂದರವರೆಗೆ ಕೈಯಾಡಿಸಿ, ಹನ್ನೆರಡರಿಂದ ಮೂರರವರೆಗೆ ರಾಶಿಯ ಮೇಲೆ ತಾಡಪಾಲು ಹೊದೆಸಿ ಮನೆಗೆ ಬನ್ನಿರಿ. ಇದರಿಂದ ಭತ್ತಕ್ಕೂ ನಷ್ಟವಿಲ್ಲ. ಅತಿಯಾದ ಕಾವಿನಲ್ಲಿ ಅವಸರವಾಗಿ ಒಣಗಿದ ಕಾಳಿನಲ್ಲಿ ಸಣ್ಣ ಬಿರುಕುಗಳು ಮೂಡಿ, ಗಿರಣಿಯಲ್ಲಿ ಅಕ್ಕಿಗಿಂತ ನುಚ್ಚು ಹೆಚ್ಚಾಗುತ್ತದೆ. ಮನುಷ್ಯನಿಗೆ ಆಗದ ಬಿಸಿಲು ಭತ್ತಕ್ಕೂ ಆಗುವುದಿಲ್ಲ. ಸಂಜೆ ನಾಲ್ಕಕ್ಕೆ ಮತ್ತೆ ಹೋಗಬಹುದು. ತಲೆಗೆ ಟವೆಲ್ಲನ್ನು ಒದ್ದೆ ಮಾಡಿ ಸುತ್ತಿರಿ, ತುಂಬು ತೋಳಿನ ತೆಳು ಹತ್ತಿ ಅಂಗಿ ಹಾಕಿರಿ. ಒಬ್ಬರೇ ಹೋಗಬೇಡಿರಿ.

ತಮ್ಮನು ಮುಂದಿನ ಸಾಲುಗಳನ್ನು ಎರಡು ಬಾರಿ ಓದಲಿ. ಬಿಸಿಲಿನಲ್ಲಿದ್ದವರು ತಡವರಿಸಿ ಮಾತನಾಡಿದರೆ, ಗುರುತು ಹಿಡಿಯದಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬರೀ ತಲೆಸುತ್ತಲ್ಲ. ದೇಹದ ತಾಪವು 40 ಡಿಗ್ರಿ ದಾಟಿರಬಹುದು, ಪ್ರಾಣಕ್ಕೆ ಅಪಾಯವಿರುತ್ತದೆ. ಕೂಡಲೇ 108ಕ್ಕೆ ಕರೆ ಮಾಡಬೇಕು. ಗಾಡಿ ಬರುವವರೆಗೆ ಕಾಯುತ್ತ ನಿಲ್ಲದೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಪಂಪ್‌ಸೆಟ್ಟಿನ ನೀರನ್ನೇ ಮೈತುಂಬ ಸುರಿದು, ಜೋರಾಗಿ ಗಾಳಿ ಹಾಕುತ್ತಿರಬೇಕು. ಕುತ್ತಿಗೆ, ಕಂಕುಳು, ತೊಡೆಯ ಸಂದಿಗೆ ಒದ್ದೆ ಬಟ್ಟೆ ಇಡಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ನಮ್ಮೂರಿನಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಅದೇ ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ. ಜ್ವರದ ಮಾತ್ರೆಯೂ ಈ ತಾಪಕ್ಕೆ ಕೆಲಸ ಮಾಡುವುದಿಲ್ಲ.

ಚಿತ್ರದುರ್ಗದಲ್ಲಿರುವ ತಂಗಿಗೂ ಈ ಪತ್ರದ ಫೋಟೊ ಕಳಿಸಿರಿ. ಬೆಟ್ಟದ ಬುಡದಲ್ಲಿರುವ ಅವಳ ಮನೆಗೆ ಹಗಲೆಲ್ಲ ಕಾದ ಬಂಡೆಗಳು ರಾತ್ರಿಯೂ ಬಿಸಿ ಉಗುಳುತ್ತವೆ, ತಾರಸಿಯೂ ಹಾಗೆಯೇ. ತಾರಸಿಗೆ ದಪ್ಪನಾಗಿ ಸುಣ್ಣ ಬಳಿಸಲಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಹಗಲು ಕಿಟಕಿ ಮುಚ್ಚಿ ಪರದೆ ಎಳೆದು, ಹೊರಗೆ ತಂಪಾದ ಮೇಲೆ ತೆರೆಯಲಿ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬರುವ ಮಕ್ಕಳನ್ನು ಮೊದಲ ವಾರ ಮಧ್ಯಾಹ್ನದಲ್ಲಿ ಕೋಟೆ ಹತ್ತಲು ಬಿಡಬಾರದು. ಅವರ ಮೈಗೂ ಬಿಸಿಲು ಹೊಸದು.

ಒಳ್ಳೆಯ ತಾಡಪಾಲು ಎರಡು ಕೊಳ್ಳಲು ತಮ್ಮನ ಖಾತೆಗೆ ಹಣ ಹಾಕಿದ್ದೇನೆ. ಅಪ್ಪಾಜಿ, ನಾಳೆಯಿಂದ ಬೆಳಿಗ್ಗೆ ಎಂಟರ ಒಳಗೆ ಅರ್ಧ ಗಂಟೆ ಮಾತ್ರ ಗದ್ದೆಯಲ್ಲಿ ಅಡ್ಡಾಡಿ, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹೊತ್ತನ್ನು ಹೆಚ್ಚಿಸಿಕೊಂಡರೆ ಕೊಯ್ಲಿನ ಹೊತ್ತಿಗೆ ಮೈ ಮತ್ತೆ ಹದಕ್ಕೆ ಬಂದಿರುತ್ತದೆ. ಯಂತ್ರ ಬರುವ ದಿನ ಗೊತ್ತಾದ ಕೂಡಲೇ ತಿಳಿಸಿರಿ. ಆ ವಾರ ನಾನು ಪ್ರತಿದಿನ ನಿಮ್ಮ ಹನ್ನೆರಡು ಗಂಟೆಗೆ ಸರಿಯಾಗಿ ಮನೆಯ ಫೋನಿಗೆ ಕರೆ ಮಾಡುತ್ತೇನೆ. ನೀವೇ ಎತ್ತಿ ಮಾತನಾಡಬೇಕು.

ಇಂತಿ ನಿಮ್ಮ ಆಶೀರ್ವಾದವನ್ನು ಬೇಡುವ,
ಹಿರಿಯ ಮಗ