ಆರ್ಕಿಟೆಕ್ಚರ್ ಓದಿನ ಪೂರ್ತಿ ಖರ್ಚು ಸೀಟು ಹಂಚುವ ಮೊದಲೇ ತಿಳಿಯಲಿ

ಮಾನ್ಯ ಸಂಪಾದಕರೇ,

ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ ನಾಟಾ ಬರೆದ ಮಕ್ಕಳು ಸೀಟು ಹಂಚಿಕೆಗೆ ಕಾಯುತ್ತಿರುವ ಈ ದಿನಗಳಲ್ಲಿ ಪರಿಚಯದ ತಂದೆ ತಾಯಂದಿರು ನನ್ನನ್ನು ಕೇಳುವುದು ಒಂದೇ ಮಾತು: ಆರ್ಕಿಟೆಕ್ಚರ್ ಓದಿಸಿದರೆ ಹಾಕಿದ ದುಡ್ಡು ಹುಟ್ಟುತ್ತದೆಯೇ? ನಾನು ಚಿತ್ರದುರ್ಗದಲ್ಲಿ ಮನೆ ಕಟ್ಟುವ ಗುತ್ತಿಗೆದಾರ. ಮಗಳು ಬೆಂಗಳೂರಿನ ಕಾಲೇಜೊಂದರಲ್ಲಿ ಬಿ.ಆರ್ಕ್ ಕೊನೆಯ ವರ್ಷದಲ್ಲಿದ್ದಾಳೆ. ಈ ವರ್ಷ ತಮ್ಮನ ಮಗನೂ ನಾಟಾ ಬರೆದಿದ್ದಾನೆ. ಹೀಗಾಗಿ ಊರವರು ಕೇಳುವ ಪ್ರಶ್ನೆ ನಮ್ಮ ಮನೆಯದೂ ಆಗಿದೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟು ಹಂಚುವಾಗ ಪೋಷಕರಿಗೆ ಕಾಣುವುದು ವರ್ಷದ ಶುಲ್ಕ ಮಾತ್ರ. ಕಾಲೇಜಿಗೆ ಸೇರಿದ ಮೇಲೆ ಉಳಿದದ್ದು ಒಂದೊಂದಾಗಿ ಬರುತ್ತದೆ. ಮೂರು ಆಯಾಮದ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುವುದಿಲ್ಲ. ನಾವು ಕೊಂಡದ್ದಕ್ಕೆ 80 ಸಾವಿರ ದಾಟಿತು. ಮಾಡೆಲ್ ಮಾಡಲು ಮೌಂಟ್ ಬೋರ್ಡು, ಫೋಮ್ ಬೋರ್ಡು, ಅಂಟು, ಕಟರ್. ಮಕ್ಕಳ ಕೆಲಸ ನೋಡಿ ಅಂಕ ಕೊಡುವ ಜ್ಯೂರಿ ಬಂದಾಗಲೆಲ್ಲ ದೊಡ್ಡ ಹಾಳೆಗಳ ಪ್ರಿಂಟು, ಅಧ್ಯಾಪಕರು ತಿದ್ದಿದರೆ ಮತ್ತೆ ಪ್ರಿಂಟು. ಬೇರೆ ರಾಜ್ಯಕ್ಕೆ ಅಧ್ಯಯನ ಪ್ರವಾಸ. ಜೊತೆಗೆ ಹಾಸ್ಟೆಲು. ಇವು ದಂಡದ ಖರ್ಚೆಂದು ನಾನು ಹೇಳುವವನಲ್ಲ. ಕೈಯಾರೆ ಕತ್ತರಿಸಿ ಅಂಟಿಸಿ ನಿಲ್ಲಿಸದೆ ಕಟ್ಟಡ ಅರ್ಥವಾಗುವುದಿಲ್ಲ, ಅದು ನನ್ನ ವೃತ್ತಿಯೇ ನನಗೆ ಕಲಿಸಿದ್ದು. ಆದರೆ ಇವೂ ಓದಿನ ಖರ್ಚೇ ಅಲ್ಲವೇ? ಶುಲ್ಕದ ಪಕ್ಕದಲ್ಲಿ ಇವನ್ನು ಯಾರೂ ಬರೆದು ತೋರಿಸುವುದಿಲ್ಲ.

ಸಾಲದ ಲೆಕ್ಕವನ್ನೂ ಬಿಡಿಸಿ ಹೇಳುತ್ತೇನೆ. ಬ್ಯಾಂಕುಗಳು ಅಡಮಾನವಿಲ್ಲದೆ 7.5 ಲಕ್ಷದವರೆಗೆ ಶಿಕ್ಷಣ ಸಾಲ ಕೊಡುತ್ತವೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎಂದಾಗ ಪೋಷಕರು ನಿರಾಳರಾಗುತ್ತಾರೆ, ಆದರೆ ಆ ಅವಧಿಯಲ್ಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ವರ್ಷಕ್ಕೆ 1.5 ಲಕ್ಷದಂತೆ ಐದು ವರ್ಷ ಶೇ 10ರ ಬಡ್ಡಿಗೆ ಎತ್ತಿದರೆ, ಕಂತು ಶುರುವಾಗುವ ಹೊತ್ತಿಗೆ ಸರಳ ಬಡ್ಡಿಯೇ 3 ಲಕ್ಷ. ಒಟ್ಟು 10.5 ಲಕ್ಷವನ್ನು ಹತ್ತು ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳಿಗೆ ಹೆಚ್ಚುಕಡಿಮೆ 13,900 ರೂಪಾಯಿ. ಮಗಳಿಗಿಂತ ಮೊದಲು ಓದು ಮುಗಿಸಿದವರು ಬೆಂಗಳೂರಿನ ಸಣ್ಣ ಕಚೇರಿಗಳಲ್ಲಿ 18ರಿಂದ 22 ಸಾವಿರಕ್ಕೆ ಸೇರಿದ್ದಾರೆ. ಬಾಡಿಗೆ, ಊಟ, ಬಸ್ಸಿನ ಖರ್ಚು ಕಳೆದು ಈ ಕಂತು ಎಲ್ಲಿಂದ ಬರಬೇಕು? ನನ್ನಲ್ಲಿ ದುಡಿಯುವ ಗಾರೆ ಮೇಸ್ತ್ರಿಗೆ ದಿನಗೂಲಿ 900 ರೂಪಾಯಿ, ತಿಂಗಳಲ್ಲಿ 25 ದಿನ ದುಡಿದರೆ 22,500. ಅವನ ದುಡಿಮೆ ದೊಡ್ಡದೇ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಐದು ವರ್ಷ ನಿದ್ದೆಗೆಟ್ಟು ಓದಿದ ಹುಡುಗಿಯ ತಿಂಗಳ ಗಳಿಕೆ ಅದಕ್ಕಿಂತ ಕಡಿಮೆ ಎಂದರೆ ತಂದೆಯಾದವನು ಹೇಗೆ ಸುಮ್ಮನಿರಬೇಕು?

ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಕಡ್ಡಾಯ ತರಬೇತಿಯ ಸೆಮಿಸ್ಟರು. ಮಗಳು ಆ ತಿಂಗಳುಗಳನ್ನೆಲ್ಲ ಒಂದು ಕಚೇರಿಯಲ್ಲಿ ಕಳೆದಳು. ಬೆಳಿಗ್ಗೆ ಹೋದರೆ ರಾತ್ರಿ ಒಂಬತ್ತಕ್ಕೆ ಹಾಸ್ಟೆಲಿಗೆ ಮರಳುತ್ತಿದ್ದಳು. ಅವಳು ಬಿಡಿಸಿದ ನಕ್ಷೆಗಳಿಂದಲೇ ಸೈಟುಗಳಲ್ಲಿ ಕೆಲಸ ನಡೆಯಿತು. ಕೈಗೆ ಬಂದ ಹಣ ಬಸ್ ಪಾಸಿಗೂ ಊಟಕ್ಕೂ ಸಾಲಲಿಲ್ಲ. ಇತ್ತ ಕಾಲೇಜು ಆ ಸೆಮಿಸ್ಟರಿಗೂ ಪೂರ್ತಿ ಶುಲ್ಕ ಕಟ್ಟಿಸಿಕೊಂಡಿತು. ಪಾಠ ಹೇಳದ ಕಾಲಕ್ಕೆ ಪೂರ್ತಿ ಶುಲ್ಕ, ಕೆಲಸ ಮಾಡಿದ ಕಾಲಕ್ಕೆ ತಕ್ಕ ಸಂಬಳವಿಲ್ಲ. ಇದು ನ್ಯಾಯವಲ್ಲ.

ಊರಿಗೆ ಬಂದು ಸ್ವಂತ ಕಚೇರಿ ತೆರೆಯಲಿ ಎನ್ನುವವರಿದ್ದಾರೆ. ಇಲ್ಲಿ ಮನೆ ಕಟ್ಟಿಸುವವರು ಮಾತಾಡುವುದು ಚದರಕ್ಕೆ ಎಷ್ಟು ಎಂದು. ನಕ್ಷೆಗೆ ಬೇರೆ ಹಣ ಎಂದರೆ ಎದ್ದು ಹೋಗುತ್ತಾರೆ. 30x40ರ ಸೈಟಿಗೆ ಯಾರೋ ಕೆಲವು ಸಾವಿರಕ್ಕೆ ಗೀಚಿಕೊಟ್ಟ ಪ್ಲಾನನ್ನೇ ಬೀದಿಯುದ್ದಕ್ಕೂ ಕಟ್ಟುತ್ತಾರೆ, ಸೈಟು ಯಾವ ದಿಕ್ಕಿಗಿದ್ದರೂ ಸರಿ. ಕಾನೂನಿನ ಆಸರೆಯೂ ಅಷ್ಟಕ್ಕಷ್ಟೆ. 1972ರ ಆರ್ಕಿಟೆಕ್ಟರ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ, ಆದರೆ ಆ ಕೆಲಸ ಮಾಡುವುದಕ್ಕೆ ಕಾಯ್ದೆಯ ತಡೆಯಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚಿನಲ್ಲಿ ಹೇಳಿದೆ. ಸೀಟು ಆಯ್ದುಕೊಳ್ಳುವ ಹದಿನೆಂಟರ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ.

ಹಾಗಾದರೆ ಈ ಓದೇ ಬೇಡವೇ? ಹಾಗೆನ್ನಲು ನನ್ನಿಂದ ಆಗದು. ಕಳೆದ ಬೇಸಿಗೆ ರಜೆಯಲ್ಲಿ ಮಗಳು ಕೆಳಗೋಟೆಯ ನನ್ನ ಕೆಲಸವೊಂದರ ನಕ್ಷೆ ನೋಡಿ, ಪಶ್ಚಿಮಕ್ಕಿದ್ದ ಮಲಗುವ ಕೋಣೆಯನ್ನು ಪೂರ್ವಕ್ಕೆ ತಂದಳು. ಮೆಟ್ಟಿಲನ್ನೂ ಬಚ್ಚಲನ್ನೂ ಪಶ್ಚಿಮದ ಗೋಡೆಗೆ ಸರಿಸಿದಳು. ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ. ಮಧ್ಯಾಹ್ನದ ಬಿಸಿಲೆಲ್ಲ ಈಗ ಮೆಟ್ಟಿಲ ಗೋಡೆಯ ಪಾಲು. ಇಷ್ಟು ವರ್ಷ ಮನೆ ಕಟ್ಟಿಸಿದ ನನ್ನನ್ನು ಅಂಥ ಬದಲಾವಣೆ ಯಾವ ಮಾಲೀಕರೂ ಕೇಳಿರಲಿಲ್ಲ. ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಮನೆಗಳು ದಪ್ಪ ಗೋಡೆ, ಬೆಳಕಿಂಡಿಗಳಿಂದ ಏಪ್ರಿಲ್ ತಿಂಗಳಲ್ಲೂ ತಂಪಾಗಿದ್ದವು. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಹೊಂಡಗಳಿಗೆ ಇಳಿಯುವಂತೆ ಕಟ್ಟಿದ್ದರು. ಮಳೆ ಕಡಿಮೆಯಾದ ಈ ನೆಲಕ್ಕೆ ಬೇಕಾದ ಬುದ್ಧಿ ಅದು. ಕಾಂಕ್ರೀಟ್ ಡಬ್ಬಿಗಳಲ್ಲಿ ಬೇಯುತ್ತಿರುವ ನಮ್ಮ ಊರುಗಳಿಗೆ ಅದನ್ನು ಓದಿ ಬಲ್ಲವರು ಬೇಕೇ ಬೇಕು. ಬಡವರ, ಮಧ್ಯಮ ವರ್ಗದ ಮಕ್ಕಳು ಖರ್ಚಿಗೆ ಅಂಜಿ ಹಿಂದೆ ಸರಿದರೆ ಚಿತ್ರದುರ್ಗಕ್ಕೆ ಮರಳಿ ಬಂದು ಕೆಲಸ ಮಾಡುವವರು ಯಾರು?

ಆದ್ದರಿಂದ ನನ್ನ ಒತ್ತಾಯ ಇಷ್ಟು. ಶುಲ್ಕದ ಜೊತೆಗೆ ಸಾಮಗ್ರಿ, ಪ್ರವಾಸ, ಹಾಸ್ಟೆಲ್ ಸೇರಿ ಐದು ವರ್ಷದ ಅಂದಾಜು ಖರ್ಚನ್ನೂ, ಹಿಂದಿನ ವರ್ಷ ಓದು ಮುಗಿಸಿದವರ ಮೊದಲ ಸಂಬಳವನ್ನೂ ಪ್ರತಿ ಕಾಲೇಜು ಪ್ರಾಧಿಕಾರಕ್ಕೆ ಬರೆದುಕೊಡಬೇಕು, ಪ್ರಾಧಿಕಾರ ಅದನ್ನು ಪ್ರಕಟಿಸಬೇಕು. ತರಬೇತಿಯ ಸೆಮಿಸ್ಟರಿಗೆ ಶುಲ್ಕ ಅರ್ಧಕ್ಕಿಳಿಯಲಿ. ತರಬೇತಿಗೆ ಮಕ್ಕಳನ್ನು ತೆಗೆದುಕೊಳ್ಳುವ ಕಚೇರಿಗಳು ಕೊಡಲೇಬೇಕಾದ ಕನಿಷ್ಠ ಭತ್ಯೆಯನ್ನು, ಈ ಓದಿನ ಮೇಲ್ವಿಚಾರಣೆ ನಡೆಸುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಗೊತ್ತುಮಾಡಲಿ.

ತಮ್ಮನ ಮಗನಿಗೆ ಸರ್ಕಾರಿ ಕೋಟಾದ ಸೀಟು ಸಿಕ್ಕರೆ ಸೇರು, ಮ್ಯಾನೇಜ್‌ಮೆಂಟ್ ಸೀಟಿಗೆ ಸಾಲ ಮಾಡುವುದು ಬೇಡ ಎಂದು ಹೇಳಿದ್ದೇನೆ. ಅವನು ಪಟ್ಟಿಯಲ್ಲಿ ಬರೆದುಕೊಂಡಿರುವ ಆರು ಕಾಲೇಜುಗಳಲ್ಲಿ ಯಾವುದನ್ನು ಮೊದಲು ಹಾಕಬೇಕೆಂದು ಹೇಳಲು ಮಾತ್ರ ನನ್ನ ಬಳಿ ಯಾವ ಮಾಹಿತಿಯೂ ಇಲ್ಲ. ಕಾಲೇಜುಗಳ ಆದ್ಯತೆ ನಮೂದಿಸುವ ಆಪ್ಷನ್ ಎಂಟ್ರಿ ಮುಗಿಯುವುದರೊಳಗೆ ಪ್ರಾಧಿಕಾರ ಅದನ್ನು ಕೊಡಲಿ.

– ಗೃಹ ನಿರ್ಮಾಣ ಗುತ್ತಿಗೆದಾರ, ಚಿತ್ರದುರ್ಗ