ಗ್ಯಾರೇಜಿನಲ್ಲಿ ವಿಮಾನ ಕಟ್ಟುವ ಅಳಿಯನಿಗೆ

ಬೆಂಗಳೂರು
ಸಂಕ್ರಾಂತಿಯ ಮರುದಿನ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಅನೇಕ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನೀನು, ನಿನ್ನ ಹೆಂಡತಿ, ಕೂಸು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನೀನು ಕಳಿಸಿದ, ನಿನ್ನ ವಿಮಾನದ ತಗಡು ಜೋಡಿಸುವ ರಿವೆಟ್ಟುಗಳ ಎರಡು ಫೋಟೋ ನೋಡಿದೆ. ಫೋನಿನಲ್ಲೇ ಎರಡು ಸಾಲು ಉತ್ತರ ಬರೆಯಬಹುದಿತ್ತು, ಆದರೆ ನನ್ನ ಹೆಬ್ಬೆರಳು ಆ ಸಣ್ಣ ಅಕ್ಷರಗಳ ಮೇಲೆ ಕೂರುವುದಿಲ್ಲ. ಹೇಳಬೇಕಾದದ್ದೂ ಎರಡು ಸಾಲಿನದಲ್ಲ. ಹಾಗಾಗಿ ಕಾಗದವೇ ಸರಿ ಅನ್ನಿಸಿತು. ಮೊಮ್ಮಗಳು ಇದರ ಫೋಟೋ ತೆಗೆದು ನಿನಗೆ ಕಳಿಸುತ್ತಾಳೆ.

ಮೊದಲು ನಿಮ್ಮಮ್ಮನ ವಿಷಯ ಮುಗಿಸಿಬಿಡುತ್ತೇನೆ. ಹಬ್ಬದ ದಿನ ಎಳ್ಳು ಬೀರಲು ಬಂದವಳು ತಟ್ಟೆ ಕೆಳಗಿಡುವ ಮುಂಚೆಯೇ ಶುರು ಮಾಡಿದಳು. "ಅಣ್ಣಾ, ನೀನು ಹೇಳಿದರೆ ಮಾತ್ರ ಕೇಳ್ತಾನೆ, ಈ ಹುಚ್ಚು ಬಿಡಿಸು." ನಾನು ನನಗೆ ಗೊತ್ತಿದ್ದಷ್ಟು ಹೇಳಿದೆ. ಅವನು ತಾನೇ ಗೀಚಿಕೊಂಡ ವಿಮಾನವಲ್ಲ ಇದು, ಪಳಗಿದ ಕಿಟ್ಟು, ಭಾಗಗಳನ್ನು ಕಂಪನಿಯೇ ಮಾಡಿ ಕಳಿಸುತ್ತದೆ, ಇವನು ಜೋಡಿಸುತ್ತಾನೆ. ಆ ವ್ಯಾನ್ಸ್ ಕಂಪನಿಯ ಆರ್‌ವಿ ವಿಮಾನಗಳು ಹನ್ನೊಂದು ಸಾವಿರಕ್ಕೂ ಮೇಲೆ ಜನರ ಗ್ಯಾರೇಜುಗಳಿಂದ ಎದ್ದು ಹಾರಿವೆ ಅಂದೆ. "ಅವರಲ್ಲಿ ಒಬ್ಬರೂ ನನ್ನ ಹೊಟ್ಟೆಯಲ್ಲಿ ಹುಟ್ಟಿಲ್ಲವಲ್ಲ" ಅಂದಳು. ನಾನು ಸುಮ್ಮನೆ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡೆ.

ಬಿಡು ಅಂತ ನಾನು ಹೇಳುವುದಿಲ್ಲ. ಯಲಹಂಕದಿಂದ ಜಕ್ಕೂರಿನ ಏರ್‌ಫೀಲ್ಡಿಗೆ ಸೈಕಲ್ ತುಳಿದುಕೊಂಡು ಹೋಗಿ, ಬೇಲಿ ಹಿಡಿದು ಪುಷ್ಪಕ್ ವಿಮಾನ ಏರುವುದನ್ನು ನೋಡುತ್ತಿದ್ದ ಹುಡುಗ ನಾನು. ಬಟ್ಟೆ ಹೊದ್ದ ರೆಕ್ಕೆ, ತೊಂಬತ್ತು ಅಶ್ವಶಕ್ತಿಯ ಎಂಜಿನ್, ಇಬ್ಬರು ಕೂರುವಷ್ಟು ಜಾಗ. ಆಮೇಲೆ ಮೂವತ್ತೆಂಟು ವರ್ಷ ಕಾರ್ಖಾನೆಯಲ್ಲಿ ಬೇರೆಯವರ ವಿಮಾನಗಳಿಗೆ ರಿವೆಟ್ ಹೊಡೆದೆ. ನನ್ನದು ಅಂತ ಒಂದನ್ನು ಕಟ್ಟುವ ಯೋಗ ಬರಲಿಲ್ಲ. ಈ ದೇಶದಲ್ಲಿ ಅದು ಸುಲಭವೂ ಅಲ್ಲ. ಮುಂಬೈನ ಅಮೋಲ್ ಯಾದವ್ ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದರಲ್ಲ, ಅವರಿಗೆ ಅದನ್ನು ನೋಂದಾಯಿಸಲು 2017 ಬರಬೇಕಾಯಿತು, ಹಾರಿಸಲು ಪರ್ಮಿಟ್ ಸಿಗಲು 2019. ನೀನು ಅಮೆರಿಕದ ಆರೆಗನ್‌ನಲ್ಲಿ ಮನೆಯಿಂದ ಕಾರು ತೆಗೆದು ಆ ಕಂಪನಿಯಿರುವ ಅರೋರಾಗೆ ಹೋಗಿ ಬಾಲದ ಕಿಟ್ಟನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಬಂದೆ. ಹೊಟ್ಟೆಕಿಚ್ಚಾಗುತ್ತದೆ ಮಾರಾಯ.

ಈಗ ಫೋಟೋ.

ಮೊದಲನೆಯದರಲ್ಲಿ ರಿಬ್ಬಿನ (ಒಳಗಿನ ಪಕ್ಕೆಲುಬಿನಂಥ ತಗಡಿನ) ಮೇಲಿನ ರಿವೆಟ್ ಸ್ವಲ್ಪ ಹೆಚ್ಚೇ ಚಪ್ಪಟೆಯಾಗಿದೆ. ಲೆಕ್ಕ ನಿನಗೆ ಗೊತ್ತು: ಏಟು ತಿಂದ ಬಾಲದ (ತಲೆಯ ಎದುರು ತುದಿಯ) ಅಗಲ ರಿವೆಟ್ ದಪ್ಪದ ಒಂದೂವರೆ ಪಟ್ಟು, ಎತ್ತರ ಅರ್ಧ ಪಟ್ಟು ಇರಬೇಕು. ಒನ್ ಬೈ ಎಯ್ಟ್ ಇಂಚಿನ ರಿವೆಟ್ಟಿಗೆ ಅಂದಾಜು 4.8 ಮಿ.ಮೀ. ಅಗಲ, 1.6 ಮಿ.ಮೀ. ಎತ್ತರ. ನಿನ್ನದು ಕೂದಲೆಳೆಯಷ್ಟು ಆಚೀಚೆ ಇದೆ, ಆದರೆ ದುಂಡಗಿದೆ, ಅಂಚು ಸೀಳಿಲ್ಲ, ತಗಡುಗಳ ನಡುವೆ ಸಂದಿಲ್ಲ. ಅದನ್ನು ಬಿಡು. ಹೊಸಬರು ಹಾಳು ಮಾಡುವುದು ಇಲ್ಲೇ. ಚಂದ ಕಾಣಲಿ ಅಂತ ಸುಮಾರಾಗಿ ಒಳ್ಳೆಯದೇ ಇರುವ ರಿವೆಟ್ ಕೊರೆದು ತೆಗೆಯಲು ಹೋಗಿ, ಡ್ರಿಲ್ ಜಾರಿ, ದುಂಡನೆಯ ತೂತನ್ನು ಕನ್ನಡದ ನಾಲ್ಕರ ಹಾಗೆ ಮಾಡಿಡುತ್ತಾರೆ.

ಎರಡನೆಯದು ಬೇರೆ. ಅದು ಹಿಂಜ್ ಬ್ರಾಕೆಟ್ಟಿನದು. ರಿವೆಟ್ಟಿನ ಬಾಲ ಒಂದು ಪಕ್ಕಕ್ಕೆ ಮಲಗಿಬಿಟ್ಟಿದೆ. ರಿವೆಟ್ ಒಂದಳತೆ ಉದ್ದವಿತ್ತೋ, ಡಾಲಿ (ಬಾಲಕ್ಕೆ ಆನಿಸಿ ಹಿಡಿಯುವ ಉಕ್ಕಿನ ತುಂಡು) ಓರೆ ಹಿಡಿದಿದ್ದಿರೋ, ಎರಡೂ ಇರಬಹುದು. ಅದನ್ನು ತೆಗಿ. ತಲೆಯ ನಟ್ಟನಡುವೆ ಪಂಚ್ ಗುರುತು ಮಾಡಿ, ತಲೆಯ ದಪ್ಪದಷ್ಟೇ ಕೊರೆ, ಅದಕ್ಕಿಂತ ಒಳಗೆ ಹೋಗಬೇಡ. ತಲೆಯನ್ನು ಸಣ್ಣ ಪಿನ್ ಪಂಚ್‌ನಿಂದ ಮುರಿದು, ಹಿಂದೆ ಆಸರೆ ಕೊಟ್ಟು ಮೆಲ್ಲಗೆ ತಟ್ಟಿ ಹೊರಗೆ ಹಾಕು. ಅವಸರವಿದ್ದ ದಿನ ಈ ಕೆಲಸಕ್ಕೆ ಕೈ ಹಾಕಬೇಡ.

ಇಷ್ಟು ಹೇಳಲು ಕಾಗದ ಬೇಕಿರಲಿಲ್ಲ. ಬರೆಸಿದ್ದು ಫೋಟೋದ ಕೆಳಗೆ ನೀನು ಬರೆದ ಮಾತು: "ಹೀಗೇ ಬಿಟ್ಟರೆ ನಡೆಯುತ್ತಾ ಮಾವ? ಒಳಗಡೆ ಬರೋದು, ಯಾರಿಗೂ ಕಾಣಲ್ಲ."

ಈ ಮಾತು ನಾನೂ ಒಮ್ಮೆ ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಒಂದು ರಿಬ್ಬಿನ ಅಂಚಿಗೆ ತೀರಾ ಹತ್ತಿರ ಕೊರೆದುಬಿಟ್ಟೆ. ಅಂಚಿನಿಂದ ರಿವೆಟ್ ದಪ್ಪದ ಎರಡು ಪಟ್ಟು ಜಾಗ ಬಿಡಬೇಕು. ನಾನು ಬಿಟ್ಟದ್ದು ಒಂದು ಪಟ್ಟು ಚಿಲ್ಲರೆ. ಹೇಳಿದರೆ ಬೈಸಿಕೊಳ್ಳಬೇಕು, ಪೀಸ್ ಸ್ಕ್ರ್ಯಾಪಿಗೆ ಹೋಗುತ್ತದೆ ಎಂದು ಹೆದರಿ, ರಿವೆಟ್ ಹೊಡೆದೆ, ಮೇಲೆ ಪ್ರೈಮರ್ ಬಳಿದೆ, ಮನೆಗೆ ಬಂದೆ. ಊಟ ಸೇರಲಿಲ್ಲ. ಮೂರನೇ ದಿನ ಹೋಗಿ ಇನ್‌ಸ್ಪೆಕ್ಟರ್ ಮುಂದೆ ನಿಂತು ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಜೊತೆಗೆ ಬಂದು, "ಯಾವುದು ತೋರಿಸು" ಅಂದರು.

ಗೊತ್ತಾಗಲಿಲ್ಲ ಪುಟ್ಟ. ಒಂದೇ ಥರದ ನಾಲ್ಕು ರಿಬ್ಬು, ಎಲ್ಲಕ್ಕೂ ಅದೇ ಹಸಿರು ಪ್ರೈಮರು, ಅಂಚಿನ ಮೇಲೆ ಇನ್ನೊಂದು ತಗಡು ಬೇರೆ ಕೂತಿದೆ. ಮುಚ್ಚಿಟ್ಟವನು ನಾನೇ, ಹುಡುಕಲಾರದವನೂ ನಾನೇ. ಆ ಒಂದನ್ನು ಹುಡುಕಲು ಇಬ್ಬರೂ ಸೇರಿ ಹನ್ನೊಂದು ರಿವೆಟ್ ಬಿಚ್ಚಿದೆವು.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ, ನೀನೂ ಮಾಡಿಕೋ. ಅನುಮಾನ ಬಂದ ಕ್ಷಣವೇ ಅದರ ಪಕ್ಕ ಕೆಂಪು ಟೇಪ್ ಅಂಟಿಸು, ಪುಸ್ತಕದಲ್ಲಿ ತಾರೀಖು ಹಾಕಿ ಬರೆ, ಫೋಟೋ ತೆಗಿ. ಆಮೇಲೆ ಬೇಕಾದರೆ ಕಾಫಿ ಕುಡಿ. ಆ ಪುಸ್ತಕ ನಿನಗೆ ಹೇಗೂ ಬೇಕು. ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳ ಕೈಯಿಂದಲೇ ಆಗಿದೆ ಎಂದು ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಗೆ ತೋರಿಸಬೇಕಲ್ಲ. ಗುರುತು ಹಾಕಲು ಮಾತ್ರ ಪೆನ್ಸಿಲ್ ಮುಟ್ಟಬೇಡ. ಅದರ ಗ್ರಾಫೈಟ್ ಅಲ್ಯೂಮಿನಿಯಂ ಮೇಲೆ ಉಳಿದರೆ ತೇವ ಸೇರಿ ತಗಡನ್ನು ತಿನ್ನುತ್ತದೆ. ಸ್ಕ್ರೈಬರ್‌ನಿಂದ ಗೀರಿದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಮಾರ್ಕರ್ ಪೆನ್ನೇ ಸಾಕು.

ಕಾರ್ಖಾನೆಯಲ್ಲಿ ನನಗಿದ್ದದ್ದು, ಗ್ಯಾರೇಜಿನಲ್ಲಿ ನಿನಗಿಲ್ಲದ್ದು ಇದೊಂದೇ, ಹಿಂದೆ ನಿಂತು ನೋಡಿ ಠಸ್ಸೆ ಒತ್ತುವ ಮನುಷ್ಯ. ಉಳಿದೆಲ್ಲ ನಿನಗೇ ಚೆನ್ನಾಗಿದೆ. ನಿನ್ನ ಕಿಟ್ಟಿನ ತೂತುಗಳನ್ನು ಯಂತ್ರವೇ ಹೊಡೆದು ಕಳಿಸಿದೆ. ರಿವೆಟ್ಟುಗಳು ಹಾಗೇ ಡಬ್ಬಿಯಿಂದ ತೆಗೆದು ಹೊಡೆಯುವಂಥವು. ನಮ್ಮ ಕಾಲದಲ್ಲಿ ಒಂದು ಜಾತಿಯ ರಿವೆಟ್ಟನ್ನು ಕಾಯಿಸಿ, ನೀರಿಗದ್ದಿ, ಗಟ್ಟಿಯಾಗದಿರಲಿ ಅಂತ ಫ್ರಿಜ್ಜಿನಲ್ಲಿಟ್ಟು, ಎಣಿಸಿ ಕೊಡುತ್ತಿದ್ದರು. ನಮ್ಮ ಮನೆಗೆ ಫ್ರಿಜ್ ಬರುವ ಹದಿನೈದು ವರ್ಷ ಮುಂಚೆ ರಿವೆಟ್ಟಿಗೆ ಫ್ರಿಜ್ ಇತ್ತು. ನಿಮ್ಮತ್ತೆ ಇದನ್ನು ಈಗಲೂ ಆಡಿ ತೋರಿಸುತ್ತಾಳೆ.

ವಿಮಾನಕ್ಕೆ ಸರ್ಟಿಫಿಕೇಟ್ ಕೊಡುವವರು ಬರುವುದು ಕೊನೆಗೆ. ಅಷ್ಟು ಹೊತ್ತಿಗೆ ರೆಕ್ಕೆ, ಬಾಲ ಎಲ್ಲ ಮುಚ್ಚಿ ಬಣ್ಣವೂ ಬಿದ್ದಿರಬಹುದು. ಅವರಿಗೆ ಕಾಣುವುದು ಎಷ್ಟು? ಆದ್ದರಿಂದ ನಡುನಡುವೆ ನೋಡುವವರನ್ನು ನೀನೇ ಕರೆಸಿಕೊಳ್ಳಬೇಕು. 1953ರಲ್ಲಿ ಪಾಲ್ ಪೊಬೆರೆಜ್ನಿ ಶುರು ಮಾಡಿದ, ಮನೆಯಲ್ಲಿ ವಿಮಾನ ಕಟ್ಟುವವರ ಇಎಎ ಸಂಘದಲ್ಲಿ ಟೆಕ್ನಿಕಲ್ ಕೌನ್ಸೆಲರ್ ಅಂತ ಇದ್ದಾರೆ, ಸ್ವತಃ ಕಟ್ಟಿದ ಅನುಭವಸ್ಥರು, ಮನೆಗೇ ಬಂದು ನೋಡುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಸ್ಟೆಬಿಲೈಸರ್ (ಬಾಲದ ಪುಟ್ಟ ರೆಕ್ಕೆ) ಮುಚ್ಚುವ ಮುಂಚೆ ಒಮ್ಮೆ, ಟ್ಯಾಂಕ್ ಮುಚ್ಚುವ ಮುಂಚೆ ಒಮ್ಮೆ, ರೆಕ್ಕೆಯ ಕೆಳಗಿನ ತಗಡು ಹಾಕುವ ಮುಂಚೆ ಒಮ್ಮೆ ಕರೆ. ಬಂದವರಿಗೆ ನಿನ್ನ ಕೆಂಪು ಟೇಪುಗಳನ್ನೇ ಮೊದಲು ತೋರಿಸು, ಚೆನ್ನಾಗಿ ಬಂದದ್ದನ್ನಲ್ಲ.

ಅದಕ್ಕೂ ಮುಂಚಿನ ಕಣ್ಣು ಮನೆಯಲ್ಲೇ ಇದೆ. ರಿವೆಟ್ ಹೊಡೆಯುವ ಗನ್ ನೀನು ಹಿಡಿಯುತ್ತೀ, ಒಳಗಡೆ ಡಾಲಿ ನಿನ್ನ ಹೆಂಡತಿ ಹಿಡಿಯುತ್ತಾಳೆ ಎಂದು ಬರೆದಿದ್ದೀಯಲ್ಲ. ಅವಳು "ಸಹಾಯ" ಮಾಡುತ್ತಿದ್ದಾಳೆ ಅನ್ನಬೇಡ. ಗನ್ ಹಿಡಿದವನಿಗೆ ಕಾಣುವುದು ರಿವೆಟ್ಟಿನ ತಲೆ. ಬಾಲ ಕಾಣುವುದು ಡಾಲಿ ಹಿಡಿದವರಿಗೆ ಮಾತ್ರ. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಕಿವಿಯಲ್ಲಿ ಮುಚ್ಚಳ ಇರಬೇಕು (ನಾವು ಹಾಕಿಕೊಳ್ಳಲಿಲ್ಲ, ಈಗ ಕೂಗಿದರೂ ನನಗೆ ಅರ್ಧವೇ ಕೇಳುವುದು). ಅದಕ್ಕೆ ತಟ್ಟುವ ಭಾಷೆ ಇದೆ. ಅವಳು ಡಾಲಿಯಿಂದ ಒಂದು ಸಲ ತಟ್ಟಿದರೆ ಇನ್ನೂ ಹೊಡಿ ಅಂತ. ಎರಡು ಸಲ ತಟ್ಟಿದರೆ ಸರಿ ಬಂತು. ಮೂರು ತಟ್ಟಿದರೆ ಕೆಟ್ಟಿತು, ತೆಗಿ. ಮೂರು ತಟ್ಟಿದ ಮೇಲೆ ವಾದ ಇಲ್ಲ. ಹಿಂಜ್ ಬ್ರಾಕೆಟ್ ರಿವೆಟ್ ಹೊಡೆದ ದಿನ ಅವಳು ಎಷ್ಟು ತಟ್ಟಿದ್ದಳು, ಕೇಳಿ ನೋಡು.

ಬೋಲ್ಟಿನ ವಿಷಯದಲ್ಲೂ ಇದೇ ಜಾಗ್ರತೆ ಇರಲಿ. ಕೈಯಲ್ಲಿ ತಿರುಗಿಸಿ ನಿಲ್ಲಿಸಿದ ನಟ್ಟು, ಟಾರ್ಕ್ (ಅಳೆದ ಬಿಗಿ) ಕೊಟ್ಟ ನಟ್ಟು ನೋಡಲು ಒಂದೇ ಥರ. ಕೂಸು ಅತ್ತಿತು ಎಂದು ಎದ್ದು ಹೋದರೆ ವಾಪಸ್ ಬಂದಾಗ ನಿನಗೇ ನೆನಪಿರುವುದಿಲ್ಲ. ಟಾರ್ಕ್ ವ್ರೆಂಚ್ ಕಟ್ ಅಂದ ಮೇಲೆ ಮಾತ್ರ ನಟ್ಟಿನಿಂದ ತಗಡಿನ ತನಕ ಬಣ್ಣದ ಗೀಟು ಎಳೆ. ಗೀಟಿಲ್ಲ ಅಂದರೆ ಕೆಲಸ ಆಗಿಲ್ಲ. ಮತ್ತೆ, ಗ್ಯಾರೇಜಿನ ದೀಪ ಆರಿಸುವ ಮುಂಚೆ ಸ್ಪ್ಯಾನರ್ ಎಣಿಸು. ರೆಕ್ಕೆಯೊಳಗೆ ಉಳಿದ ಒಂದು ಸಾಕೆಟ್, ಕಂಟ್ರೋಲ್ ರಾಡಿನ ದಾರಿಗೆ ಉರುಳಿದರೆ ಸಾಕು.

ಪ್ಲೆಕ್ಸಿಗ್ಲಾಸ್ ಕ್ಯಾನೊಪಿ (ಕೂರುವ ಜಾಗದ ಮೇಲಿನ ಪಾರದರ್ಶಕ ಮುಚ್ಚಳ) ಕತ್ತರಿಸುವುದನ್ನು, ಕೊರೆಯುವುದನ್ನು ಬೇಸಿಗೆಗೆ ಇಟ್ಟುಕೋ. ನಿಮ್ಮ ಕಡೆ ಚಳಿಯಲ್ಲಿ ಅದು ಹಪ್ಪಳದ ಹಾಗೆ ಸೀಳುತ್ತದೆ. ಎಂಜಿನ್ನನ್ನೂ ಪರದೆಯ ಮೀಟರುಗಳನ್ನೂ ಈಗಲೇ ಕೊಂಡು ಕೂಡಿಡಬೇಡ. ಎಂಜಿನ್ ಸುಮ್ಮನೆ ಕೂತರೆ ಒಳಗೆ ತುಕ್ಕು, ಮೀಟರು ಸುಮ್ಮನೆ ಕೂತರೆ ಹಳತು.

ಮುಂದಿನ ವರ್ಷ ಜುಲೈನಲ್ಲಿ ಓಶ್‌ಕಾಶ್ ಎಂಬ ಊರಿನ ವಿಮಾನ ಜಾತ್ರೆಗೆ ನನ್ನ ವಿಮಾನದಲ್ಲೇ ಹೋಗುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಲೆಕ್ಕ ಹಾಕು. ಇದು ಸಾವಿರದ ಐನೂರರಿಂದ ಎರಡು ಸಾವಿರ ಗಂಟೆಯ ಕೆಲಸ. ಆಫೀಸು, ಕೂಸು ಎಲ್ಲ ಮುಗಿಸಿ ವಾರಕ್ಕೆ ಹತ್ತು ಗಂಟೆ ಸಿಕ್ಕರೆ ಮೂರರಿಂದ ನಾಲ್ಕು ವರ್ಷ. ಮದುವೆಗೆ ಮುಹೂರ್ತ ಇಡಬಹುದು, ಇದಕ್ಕೆ ಇಡಬೇಡ. ಮುಹೂರ್ತ ಹತ್ತಿರ ಬಂದಾಗ ಕೆಂಪು ಟೇಪುಗಳು ಒಂದೊಂದಾಗಿ ತಾವೇ ಕಿತ್ತುಕೊಳ್ಳುತ್ತವೆ. ಆ ಜಾತ್ರೆ 1970ರಿಂದ ಅದೇ ಊರಿನಲ್ಲಿ ನಡೆಯುತ್ತಿದೆ, ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನು ಹಾರುವುದು. ನೀನು ಆರ್‌ವಿ-9ಎ ಆರಿಸಿದ್ದು ನನಗೆ ಸಂತೋಷ. ಪಲ್ಟಿ ಹೊಡೆಯುವ ವಿಮಾನವಲ್ಲ, ನಿಧಾನವಾಗಿ ಇಳಿಯುತ್ತದೆ, ಮುಂದೆ ಗಾಲಿ ಇದೆ. ಆದರೂ ಮೊದಲ ಹಾರಾಟ ನೀನೇ ಮಾಡಬೇಕು ಅನ್ನುವ ಹಟ ಬೇಡ. 2012ರಲ್ಲಿ ಅಮೆರಿಕದ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಇಂಥ ಮನೆಯಲ್ಲಿ ಕಟ್ಟಿದ ವಿಮಾನಗಳ ಮೇಲೆಯೇ ಒಂದು ಅಧ್ಯಯನ ಮಾಡಿತು. ಅಪಘಾತಗಳಿಗೆ ಮುಖ್ಯ ಕಾರಣ ಎಂಜಿನ್ ಕೈಕೊಡುವುದು, ಹಾರಿಸುವವನ ಹಿಡಿತ ತಪ್ಪುವುದು. ಅದರಲ್ಲೂ ವಿಮಾನ ಹೊಸದಾಗಿರುವಾಗ. ಮೂರು ನಾಲ್ಕು ವರ್ಷ ಗ್ಯಾರೇಜಿನಲ್ಲಿ ರಿವೆಟ್ ಹೊಡೆದವನ ಕೈ ಹಾರಾಟ ಮರೆತಿರುತ್ತದೆ. ಇದೇ ಮಾದರಿಯಲ್ಲಿ ಪಳಗಿದವರ ಜೊತೆ ಕೂತು ಮೊದಲು ಕಲಿ. ಇಲ್ಲವೇ ಮೊದಲ ಸುತ್ತಿಗೆ ಅಂಥವರ ಕೈಗೇ ಕೊಟ್ಟು, ನೀನು ಕೆಳಗೆ ನಿಂತು ನೋಡು. ಅದರಲ್ಲಿ ಅವಮಾನವೇನಿಲ್ಲ, ನಾನು ಹೊಡೆದ ರಿವೆಟ್ಟುಗಳೆಲ್ಲ ಬೇರೆಯವರ ಕೈಯಲ್ಲೇ ಹಾರಿದ್ದು.

ಆಮೇಲಿನ ಪರೀಕ್ಷಾ ಹಾರಾಟ, ಎಂಜಿನ್ ಮತ್ತು ಪ್ರೊಪೆಲ್ಲರ್ ಸರ್ಟಿಫೈ ಆದ ಜೋಡಿಯಾದರೆ 25 ಗಂಟೆ, ಅಲ್ಲದಿದ್ದರೆ 40. ಅದು ಮುಗಿಯುವ ತನಕ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ರಾಮಾಯಣದ ಪುಷ್ಪಕ ವಿಮಾನಕ್ಕೆ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಉಳಿಯುತ್ತಿತ್ತಂತೆ. ನಿನ್ನದಕ್ಕೆ ಎರಡೇ ಸೀಟು, ಅದೂ ತೂಕ ನೋಡಿ. ಕೂಸು "ಒಂದೇ ಒಂದು ರೌಂಡ್ ಅಪ್ಪಾ" ಅಂದರೂ ಇಲ್ಲ ಅನ್ನಬೇಕು. ಗಂಟೆ ಮುಗಿದ ಮೇಲೆ ಮೊದಲು ಯಾರನ್ನು ಕೂರಿಸಬೇಕು ಅನ್ನುವುದನ್ನು ನಿಮ್ಮಮ್ಮನ ಹತ್ತಿರ ಈಗಲೇ ಎತ್ತಬೇಡ. ನಾನು ನಿಧಾನವಾಗಿ ಮಾತಾಡುತ್ತೇನೆ.

ಅವಳು ಏಪ್ರಿಲ್‌ನಲ್ಲಿ ಅಲ್ಲಿಗೆ ಹೊರಟಿದ್ದಾಳಲ್ಲ, ಅವಳ ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಡಬ್ಬಿಯ ಪಕ್ಕ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ಭಾರದ ಗಂಟಿರುತ್ತದೆ. ನನ್ನ ಡಾಲಿ. ರಿಟೈರಾದ ದಿನ ನಮ್ಮ ಫೋರ್‌ಮನ್ ಗೇಟ್ ಪಾಸ್ ಬರೆಸಿ ಕೊಟ್ಟದ್ದು, ಕದ್ದದ್ದಲ್ಲ. ಗೇಟ್ ಪಾಸೂ ಜೊತೆಗಿಟ್ಟಿದ್ದೇನೆ. ನಿನ್ನ ಹೆಂಡತಿಯ ಕೈಗೆ ಕೊಡು. ಪಕ್ಕಗಳಿಗೆ ಟೇಪ್ ಸುತ್ತಿಕೊಳ್ಳಲಿ, ಇಲ್ಲದಿದ್ದರೆ ತಗಡಿಗೆ ಗೀರು ಬೀಳುತ್ತದೆ. ಒಂದು ಮೂಲೆ ಸ್ವಲ್ಪ ಜಖಂ ಆಗಿದೆ, ಆ ಕಡೆಯಿಂದ ಹಿಡಿಯುವುದು ಬೇಡ.

ಇತಿ ಆಶೀರ್ವಾದಗಳು,
ನಿನ್ನ ಮಾವ